ಜಾವಾ ಮಾವನ ಪೈಥಾನ್ ಪಾಠ

ಮೊನ್ನೆ ಭಾನುವಾರ ನನ್ನ ಸೊಸೆ ನನ್ನ ಕೋಡ್ ನೋಡಿ ನಕ್ಕಳು. ಮದುವೆಯಾಗಿ ಹಿಂದೂಪುರಕ್ಕೆ ಬಂದ ಮೇಲೆ ಆಕೆ ಬಾಯ್ತುಂಬ ನಕ್ಕಿದ್ದು ಅದೇ ಮೊದಲು. ಹಾಗಾಗಿ ಅಪಮಾನವನ್ನು ಸಂತೋಷದಿಂದ ಸ್ವೀಕರಿಸಿದೆ.

ವಿಷಯ ಇಷ್ಟು. ರೇಷ್ಮೆ ಸೀರೆ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕಸುಬು. ಜಾವಾ ಎಂಬ ಕಂಪ್ಯೂಟರ್ ಭಾಷೆ ನನ್ನ ಕುಲದೇವತೆ. ಹೊಸ ಕೆಲಸವೊಂದಕ್ಕೆ ಪೈಥಾನ್ ಎಂಬ ಇನ್ನೊಂದು ಭಾಷೆ ಬೇಕಾಯಿತು. ಅಲ್ಲೂ ಕ್ಲಾಸ್ ಇದೆ, ಆಬ್ಜೆಕ್ಟ್ ಇದೆ. ಪಳಗಿದ ಕೈಗೆ ಇದು ಯಾವ ಲೆಕ್ಕ? ಮದುವೆಗೆ ಮುಂಚೆ ಕಲ್ಯಾಣದುರ್ಗದಲ್ಲಿ ಪೈಥಾನ್ ಪಾಠ ಹೇಳುತ್ತಿದ್ದ ಸೊಸೆ ಶೈಲಜಾ ಪಕ್ಕದಲ್ಲಿ ಕುಳಿತಳು.

ಸೀರೆಗೊಂದು ಕ್ಲಾಸ್, ಅಂದರೆ ಅದರ ವಿವರಗಳ ಅಚ್ಚು, ಬರೆದೆ. ಬಣ್ಣವನ್ನು ಒಳಗೆ ಬಚ್ಚಿಟ್ಟೆ. ಅದನ್ನು ಕೇಳಲು ಒಂದು ಫಂಕ್ಷನ್, ಬದಲಿಸಲು ಇನ್ನೊಂದು. (ಜಾವಾದವರಿಗೆ ಇದು ಸಂಧ್ಯಾವಂದನೆ. ಯಾಕೆಂದು ಕೇಳುವಂತಿಲ್ಲ.)

"ಮಾವ, ಸೀರೆ ಬಣ್ಣ ನೋಡಕ್ಕೂ ಅರ್ಜಿ ಹಾಕ್ಬೇಕಾ?" ಎಂದು ಶೈಲಜಾ ನಕ್ಕಳು.

"ಯಾರಾದ್ರೂ ಕೈಹಾಕಿ ಕೆಡಿಸ್ಬುಟ್ರೆ ಏನಮ್ಮಾ ಗತಿ?"

"ಪರವಾಲೇದು, ಏನಾಗಲ್ಲ ಮಾವ. ಮುಟ್ಬೇಡಿ ಅನ್ನೋದಿದ್ರೆ ಹೆಸ್ರಿನ ಮುಂದೆ ಒಂದು ಅಂಡರ್‌ಸ್ಕೋರ್ ಗೆರೆ ಇಡ್ತಾರೆ. ನೋಡಿದೋರು ಅರ್ಥ ಮಾಡ್ಕೊಂತಾರೆ. ಮಿಕ್ಕಿದ್ದು ಸೀದಾ ತಗೊಳ್ಳೋದೇ."

"ಕೇಳ್ದೇನಾ?"

"ಕೇಳ್ದೇನೇ."

ಇದನ್ನು ಭಾಷೆ ಎನ್ನಬೇಕೋ, ಧರ್ಮಛತ್ರ ಎನ್ನಬೇಕೋ? (ನನ್ನ ಪರ ವಾದಿಸಲು ಮಗನೂ ಇರಲಿಲ್ಲ; ಪೆನುಕೊಂಡದ ಕಡೆ ಕಾರ್ಖಾನೆಯ ಶಿಫ್ಟಿಗೆ ಹೋಗಿದ್ದ.)

ಶೈಲಜಾ ಎದ್ದು ಅಡುಗೆಮನೆಗೆ ಹೋದಳು. "ಅತ್ತೆ, ಒಂಚೂರು ಕಾಫಿ ಪುಡಿ ತಗೊಳ್ಳಲಾ?"

"ತಗೊ ಕಣಮ್ಮ," ಎಂದಳು ನನ್ನ ಹೆಂಡತಿ.

ಆಮೇಲೆ ಹಾಲಿಗೆ ಕೇಳಿದಳು. ಸಕ್ಕರೆಗೆ ಕೇಳಿದಳು. ದಿನವೂ ಕೇಳುತ್ತಾಳೆ. ಸಂಸ್ಕಾರವಂತೆ ಎಂದು ನೆಂಟರ ಮುಂದೆ ನಾವು ಮೆರೆದದ್ದೂ ಉಂಟು. ಅವತ್ತೇಕೋ ಅದು ಬೇರೆ ಥರ ಕೇಳಿಸಿತು. ಹುಡುಗಿಯ ಪಾಲಿಗೆ ಇದಿನ್ನೂ ನೆಂಟರ ಮನೆ.

ಹೆಂಡತಿಯನ್ನು ಪಕ್ಕಕ್ಕೆ ಕರೆದು ಇದನ್ನೇ ಹೇಳಿದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡಳು. "ನಾನೂ ನಿಮ್ಮಮ್ಮನ್ನ ಹಿಂಗೇ ಕೇಳ್ತಿದ್ದೆ ಕಣ್ರೀ. ಅವರು ಇರೋಗಂಟ ಕೇಳ್ತಾನೇ ಇದ್ದೆ."

ನನಗಿದು ಗೊತ್ತೇ ಇರಲಿಲ್ಲ.

ಮಾರನೆಯ ದಿನ ಹೆಂಡತಿ ಸೊಸೆಯನ್ನು ಕೂರಿಸಿಕೊಂಡಳು. "ಕಲ್ಯಾಣದುರ್ಗದಾಗೆ ನಿಮ್ಮಮ್ಮನ್ನೂ ಹಿಂಗೆ ಕೇಳ್ತಿದ್ಯಾ?"

ಶೈಲಜಾ ತಲೆಯಾಡಿಸಿದಳು, ಇಲ್ಲವೆಂದು.

"ಹಂಗಾದ್ರೆ ಡಬ್ಬಿಯೆಲ್ಲಾ ಇಳಿಸಿ ನಿನಗೆ ಬೇಕಾದಂಗೆ ಜೋಡಿಸ್ಕೊ. ಉಪ್ಪು ಎಲ್ಲೈತೆ ಅಂತ ಇನ್ಮೇಲೆ ನಾನು ಕೇಳ್ತೀನಿ."

ಮಧ್ಯಾಹ್ನವಿಡೀ ಒಳಗೆ ಡಬ್ಬಿಗಳ ಸದ್ದು. ನಿನ್ನೆ ಬೇಳೆ ಕಾಣದೆ ನನ್ನ ಹೆಂಡತಿ "ಶೈಲೂ" ಎಂದು ಕೂಗಿದಳು. ಬೇಳೆ ಕಳೆದುಕೊಂಡವಳ ದನಿಯಲ್ಲಿ ಅಷ್ಟು ಖುಷಿ ಇರಬಾರದು.

ಅಂದಹಾಗೆ, ನಿಮ್ಮ ಮನೆಗೆ ಬಂದ ಹುಡುಗಿ ಇನ್ನೂ ಕೇಳಿಯೇ ತೆಗೆದುಕೊಳ್ಳುತ್ತಾಳೆಯೇ?