ಬಾಕಿ ಉಳಿದ ವಂದನಾರ್ಪಣೆ

ನಾನು ಏಳನೇ ಇಯತ್ತೆಗೇ ಸಾಲಿ ಬಿಟ್ಟವನು. ಅದಕ್ಕೆ ನನಗೇನೂ ನಾಚಿಕೆ ಇಲ್ಲ. ಬೆಟಗೇರಿಯಲ್ಲಿ ಅಪ್ಪ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ನಾನು ಮಗ್ಗ ಬಿಟ್ಟು ಶಾಮಿಯಾನ, ಮೈಕ್ ಸೆಟ್ಟಿನ ಧಂದೆಗೆ ಬಿದ್ದೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಸಭೆ ಎಲ್ಲಿದ್ದರೂ ನನ್ನ ಕಂಬ, ನನ್ನ ಖುರ್ಚಿ. ಮದುವೆಗೂ ಅವೇ, ಮಂತ್ರಿಗೂ ಅವೇ. ಯಾವ ಪಕ್ಷ ಕರೆದರೂ ಹೋಗುತ್ತೇನೆ. ಬಾವುಟ ಅವರದು, ನೆರಳು ನನ್ನದು. ಆಂಪ್ಲಿಫೈಯರ್ ಮುಂದೆ ಕುಳಿತು ನಾನು ಕೇಳಿದಷ್ಟು ಭಾಷಣ ಯಾವ ಶಾಸಕನೂ ಕೇಳಿರಲಿಕ್ಕಿಲ್ಲ. ಅವರು ತಮ್ಮದು ಮುಗಿದ ಕೂಡಲೇ ಕಾರು ಹತ್ತುತ್ತಾರೆ. ನಾನು ಖುರ್ಚಿ ಒಟ್ಟಿ ಹೋಗಬೇಕು.

ಅಷ್ಟೆಲ್ಲ ಕೇಳಿದ್ದರಲ್ಲಿ ಮನಸ್ಸಿನಲ್ಲಿ ನಿಂತದ್ದು ಒಂದೇ. ಅದು ಭಾಷಣವೂ ಅಲ್ಲ, ವಂದನಾರ್ಪಣೆ.

ಹಮ್ಮಿಗಿ ಕಡೆ ಹೊಳೆದಂಡೆಯ ಒಂದು ಊರು. ಅಲ್ಲಿಯ ಪಂಚಾಯತಿ ಮೆಂಬರ್ ಒಬ್ಬ ಹಿರಿಯ ರೈತ, ಊರಿಗೆಲ್ಲ ಕಾಕಾ. ಮೀಸೆ ಕಪ್ಪಿದ್ದಾಗಿನಿಂದ ಒಂದೇ ಪಕ್ಷ. ಅವರ ಪಕ್ಷಕ್ಕೆ ಅಧಿಕಾರ ಇಲ್ಲದಾಗ ತಾಲೂಕು ಕಚೇರಿ ಮುಂದೆ ಧರಣಿ ಹೂಡಿದ್ದರು, ಮೈಕ್ ನನ್ನದೇ. ಊರಿನ ಮ್ಯಾಲಿನ ಓಣಿಯಲ್ಲಿ ನಿಂತರೆ ಹೊಳೆ ಕಾಣುತ್ತದೆ, ನಳದಾಗ ಮಾತ್ರ ನೀರು ಬರುವುದಿಲ್ಲ. ಆಗಿನ ಸರಕಾರ ನೀರಿನ ಯೋಜನೆಗೆ ಅಡಿಗಲ್ಲು ಇಟ್ಟು ಹೋಗಿತ್ತು. "ಕಲ್ಲು ಕುಡೀಬೇಕೇನ್ರಿ ನಾವು?" ಎಂದು ಕಾಕಾ ಅಂದು ಗುಡುಗಿದ್ದರು. ಮುಂದೆ ಅವರ ಪಕ್ಷವೇ ಸರಕಾರ ಮಾಡಿತು. ಆ ಕಲ್ಲಿನ ಬಾಜೂಕೆ ಇನ್ನೊಂದು ಕಲ್ಲು ಬಂತು. ಹೆಣ್ಣುಮಕ್ಕಳು ಕೊಡ ಇಳಿಸಿ ದಣಿವಾರಿಸಿಕೊಳ್ಳಲಿಕ್ಕೆ ಜಾಗ ಎರಡಾಯಿತು, ಅಷ್ಟೆ.

ಆ ಊರಿಗೆ ಸಾಲಿ ಖೋಲಿಯ ಉದ್ಘಾಟನೆಗೆ ಮಂತ್ರಿ ಬಂದರು. ಕಾಕಾರನ್ನು ತಾಲೂಕಿನ ಒಂದು ಸಮಿತಿಗೆ ಅಧ್ಯಕ್ಷ ಮಾಡುತ್ತಾರೆಂದು ಊರೆಲ್ಲ ಖಬರ. ಮಂತ್ರಿಯೂ ಭಾಷಣದಲ್ಲಿ, "ನಮ್ಮ ಹಿರ್ಯಾರಿಗೊಂದು ಸಿಹಿ ಸುದ್ದಿ ಐತಿ, ಊಟಕ್ಕ ಕುಂತಾಗ ಹೇಳ್ತೀನಿ" ಎಂದರು. ಚಪ್ಪಾಳೆ ಬಿತ್ತು. ಕಡೆಗೆ ಕಾಕಾರನ್ನು ವಂದನಾರ್ಪಣೆಗೆ ಕರೆದರು.

ವಂದನಾರ್ಪಣೆ ಅಂದರೆ ಕೆಳಗಿನವರು ಚಪ್ಪಲಿ ಹುಡುಕುವ ಹೊತ್ತು. ಮೇಲಿನವರು ಮಾತ್ರ ಏಳುವಂತಿಲ್ಲ. ಅದು ಮುಗಿಯಬೇಕು, ರಾಷ್ಟ್ರಗೀತೆ ಆಗಬೇಕು. ಕಾಕಾರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಖೋಲಿ ಕಟ್ಟಿಸಿದ ಮಂತ್ರಿಗಳಿಗೆ, ಅಡಿಗೆ ಮಾಡಿದ ಅಕ್ಕಂದಿರಿಗೆ, ಬೆಟಗೇರಿಯಿಂದ ಬಂದ ಮೈಕಿನವನಿಗೆ ವಂದನೆ ಹೇಳಿದರು. ಆಮೇಲೆ ಗಂಟಲು ಸರಿ ಮಾಡಿಕೊಂಡರು.

"ಇನ್ನ ಮ್ಯಾಲಿನ ಓಣಿಗೆ ನೀರು ತಂದವ್ರಿಗೆ ವಂದನಿ ಹೇಳಬೇಕು. ಯಾರಿಗೆ ಹೇಳ್ಲಿ? ಮೊದಲಿನ ಸರಕಾರದವ್ರು ಒಂದು ಕಲ್ಲು ಇಟ್ರು, ಇದೇ ಮೈಕಿನ್ಯಾಗ ಬೈದೆ. ನಮ್ಮವ್ರು ಇನ್ನೊಂದು ಇಟ್ರು. ಈಗ ಸುಮ್ನ ಕುಂತ್ರ, ಅವತ್ತು ನಾ ಬೈದದ್ದು ನೀರಿನ ಸಲುವಾಗಿ ಅಲ್ಲ, ಖುರ್ಚಿ ಸಲುವಾಗಿ ಅಂದಂಗ ಆತು. ನೀರು ಯಾವಾಗ ಅಂತ ಸಾಹೇಬ್ರು ಹೇಳ್ಲಿ, ನಾ ವಂದನಾರ್ಪಣಿ ಮುಗಸ್ತೀನಿ."

ಚಪ್ಪಲಿ ಹುಡುಕುತ್ತಿದ್ದವರು ಹಾಗೇ ನಿಂತರು. ಪಕ್ಷದ ತರುಣ ಮುಖಂಡ ಒಬ್ಬ ನನ್ನ ಹತ್ತಿರ ಓಡಿ ಬಂದ.

"ಮೈಕ್ ಬಂದ್ ಮಾಡಲೇ!"

"ಬಂದ್ ಮಾಡಿದ್ರ ರಾಷ್ಟ್ರಗೀತಿ ಹೆಂಗ ಹಾಕ್ಲಿರಿ? ಅವರದು ಮುಗೀಲಿ."

ಎಲ್ಲಾ ಪಕ್ಷದ ಸಭೆಗೆ ಹೋಗುವವನು ಯಾರ ಬಾಯಿಯನ್ನೂ ಕಟ್ಟಬಾರದು. ನಮ್ಮ ಧಂದೆಯ ಮರ್ಯಾದೆ ಅದು.

ಕೆಳಗಿನಿಂದ ಒಬ್ಬ ಮುದುಕಿ ಕೂಗಿದಳು, "ಜಲ್ದಿ ಹೇಳ್ರಿ ಯಪ್ಪಾ, ಸಾರು ಆರಾಕತ್ತೈತಿ!"

ಎಲ್ಲರೂ ನಕ್ಕರು, ಮಂತ್ರಿಯೂ ನಗಬೇಕಾಯಿತು. ಎಂಜಿನಿಯರನ್ನು ಕರೆದು ಕಿವಿಯಲ್ಲಿ ಏನೋ ಕೇಳಿ, "ಯುಗಾದಿ ಒಳಗ ಆಗತೈತಿ" ಎಂದರು.

"ಆತ್ರಿ. ಅಲ್ಲೀತನಕ ಆ ಒಂದು ವಂದನಿ ಬಾಕಿ ಇರಲಿ" ಎಂದು ಕಾಕಾ ನನ್ನ ಕಡೆ ಕೈ ಮಾಡಿದರು. ನಾನು ರಾಷ್ಟ್ರಗೀತೆ ಹಾಕಿದೆ.

ಮಂತ್ರಿ ಊಟಕ್ಕೆ ನಿಲ್ಲಲಿಲ್ಲ. ಸಿಹಿ ಸುದ್ದಿಯೂ ಅವರ ಕಾರು ಹತ್ತಿಯೇ ಹೋಯಿತು. ಆ ಸಮಿತಿಯ ಖುರ್ಚಿ ಮುಂದೆ ಇನ್ನೊಬ್ಬರಿಗೆ ಸಿಕ್ಕಿತು.

ಸಂಜೆ ನಾನು ವೈರ್ ಸುತ್ತುತ್ತಿದ್ದಾಗ ಅವರ ಪಕ್ಷದ ಹುಡುಗರು ಕಾಕಾರನ್ನು ಸುತ್ತುವರಿದಿದ್ದರು. "ಸ್ವಂತ ಮನಿ ಮಾನಾನ ಕಳದ್ರಲ್ಲ ಕಾಕಾ!"

"ಮಳಿ ಬಂದಾಗ ಸೋರತೈತಿ ಅಂತ ಮನಿ ಮಾಲಕನ ಹೇಳಬೇಕಲೇ. ಬಾಡಿಗಿಯವ ಗಂಟು ಕಟ್ಟಿ ಬ್ಯಾರೆ ಮನಿ ನೋಡ್ತಾನ."

ಅವರು ಹೋದ ಮೇಲೆ ಎದುರು ಪಕ್ಷದವರು ಬಂದರು, ಕೈಯಲ್ಲಿ ಹಾರ ಬೇರೆ. "ನಮ್ಮ ಕಡೆ ಬಂದಬಿಡ್ರಿ ಕಾಕಾ. ನಿಮ್ಮಂಥವ್ರು ಬೇಕು."

"ನಿಮ್ಮ ಕಲ್ಲೂ ಅಲ್ಲೇ ಐತಲ್ಲೋ ತಮ್ಮಾ. ಹಾರ ಅದಕ್ಕ ಹಾಕ್ರಿ."

ಅವರ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಖುರ್ಚಿ ಹೋದ ದಿನವೂ ಅಷ್ಟು ನೆಟ್ಟಗೆ ನಿಂತವರನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಯುಗಾದಿ ಬಂತು, ಹೋಯಿತು. ಕಾಕಾ ಮುಂಡರಗಿಯ ತಾಲೂಕು ಕಚೇರಿಗೆ ಎಡತಾಕುವುದು ಬಿಡಲಿಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ಪೈಪು ಬಂತು, ಮ್ಯಾಲಿನ ಓಣಿಯ ನಳಗಳಲ್ಲಿ ನೀರೂ ಬಂತು. ಮತ್ತೆ ಮಂತ್ರಿ, ಮತ್ತೆ ನನ್ನ ಶಾಮಿಯಾನ. ಈ ಸಲ ವಂದನಾರ್ಪಣೆಯನ್ನು ಆ ತರುಣ ಮುಖಂಡನಿಗೇ ಕೊಟ್ಟಿದ್ದರು. ಅವನು ಎಲ್ಲರನ್ನೂ ನೆನೆದ, ನನ್ನನ್ನೂ ಸಹ. ಕಾಕಾರನ್ನು ನೆನೆಯಲಿಲ್ಲ. ಅವರು ಹಿಂದಿನ ಸಾಲಿನಲ್ಲಿ ಕುಳಿತಿದ್ದರು.

ನಾನು ರಾಷ್ಟ್ರಗೀತೆ ಹಾಕಬೇಕು ಅನ್ನುವಷ್ಟರಲ್ಲಿ ಕಾಕಾ ಎದ್ದು ನಿಂತರು.

"ನಂದೊಂದು ಬಾಕಿ ಐತ್ರಿ."

ಮಂತ್ರಿಯ ಮುಖ ಬಿಗಿಯಿತು. ಮುಖಂಡ ನನ್ನನ್ನು ಕಣ್ಣಲ್ಲೇ ತಡೆದ. ನಾನು ಅವನ ಕಡೆ ನೋಡದೆ, ವೈರ್ ಎಳೆಯುತ್ತ ಖುರ್ಚಿಗಳ ನಡುವೆ ಹೋಗಿ ಕಾಕಾರ ಬಾಯಿಗೆ ಮೈಕ್ ಹಿಡಿದೆ.

"ಸಾಹೇಬ್ರ, ಯುಗಾದಿ ಅಂದಿದ್ರಿ, ಮುಂಗಾರು ಹಿಡೀತು. ಆದ್ರೂ ಖರೇನ ನೀರು ತಂದ್ರಿ. ನಿಮಗ ವಂದನಿಗಳು. ಶರಣ್ರಿ." ಎರಡೂ ಕೈ ಎತ್ತಿ ಮುಗಿದರು. ನನ್ನ ಕಡೆ ತಿರುಗಿ, "ಇನ್ನ ಹಾಕೋ ತಮ್ಮಾ" ಎಂದರು.

ನಾನು ಯಂತ್ರದ ಕಡೆಗೆ ಓಡಿದೆ. ರಾಷ್ಟ್ರಗೀತೆ ಇನ್ನೂ ಶುರುವಾಗಿರಲಿಲ್ಲ. ಮಂತ್ರಿಗಳು ಆಗಲೇ ಎದ್ದು ನಿಂತಿದ್ದರು, ಹಿಂದಿನ ಸಾಲಿನ ಕಡೆ ಕೈ ಮುಗಿದು.