ಮೋಟಾರಿಗೆ ಹೋದ ತವರಿನ ಹಂಡೆ

ತವರಿನವರು ಕೊಟ್ಟ ನನ್ನ ತಾಮ್ರದ ಹಂಡೆಯ ಮೇಲೆ ಗಂಡನ ಕಣ್ಣು ಬಿದ್ದದ್ದು, ನವಾಬರ ಆಳಿಕೆ ಮುಗಿಸಿದ ಪೋಲೀಸ್ ಆ್ಯಕ್ಷನ್ ಆಗಿ ಕೆಲವು ವರ್ಷ ಕಳೆದ ಮೇಲೆ. ಊರು ಬಿಟ್ಟ ಜಹಗೀರುದಾರರೊಬ್ಬರು ಮಾರಿಹೋದ ಹಳೇ ಮೋಟಾರು ಉದಗೀರದ ನಮ್ಮ ಅಂಗಳದಲ್ಲಿ ನಿಂತಿತ್ತು. ಅದರ ಮಾಡು, ಬಾಗಿಲು ಎಲ್ಲ ಕಿತ್ತು ಹಗುರ ಮಾಡಿ, ಗಾಳಿಯ ಹಾಗೆ ಓಡಿಸುತ್ತೇನೆಂದು ಇವರ ಹಟ. ಓಡುವುದೆಲ್ಲಿಂದ ಬಂತು? ಪೆಟ್ರೋಲಿನ ಟಾಕಿ ತುಕ್ಕು ತಿಂದು ಜರಡಿಯಾಗಿತ್ತು.

"ನಿನ್ನ ಹಂಡೆ ಕೊಡು. ಟಾಕಿ ಮಾಡ್ತೀನಿ."

"ಮತ್ತ ನೀರು ಎದರಾಗ ಕಾಸ್ಲಿ? ನಿಮ್ಮ ತಲಿಮ್ಯಾಲೇನು?"

ನಾನು ಕೊಡುತ್ತಲೇ ಇರಲಿಲ್ಲ. ಆದರೆ ಅಷ್ಟರಲ್ಲಿ ನಿಲಂಗಾದಿಂದ ಸುದ್ದಿ ಬಂತು. ಅತ್ತೆಯ ಅಕ್ಕ ಹಾಸಿಗೆ ಹಿಡಿದಿದ್ದಾರೆ, ಇನ್ನು ಹೆಚ್ಚು ದಿನ ಇಲ್ಲವಂತೆ. ಬಸ್ಸು ಹತ್ತಲು ಅತ್ತೆಯ ಮಂಡಿ ಬಗ್ಗುತ್ತಿರಲಿಲ್ಲ. ಬಂಡಿಯಲ್ಲಿ ಹೋದರೆ ಮುಟ್ಟುವಷ್ಟರಲ್ಲಿ ಏನಾಗುವುದೋ. "ಒಮ್ಮೆ ಅಕ್ಕನ ಮಾರಿ ನೋಡಿದ್ರ ಸಾಕಾಗಿತ್ತು" ಎಂದು ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದರು. ನಾನೇ ಹಂಡೆ ತಂದು ಇವರ ಮುಂದೆ ಕುಕ್ಕಿದೆ.

ತಾಮ್ರದ ಕೆಲಸದ ತಾಂಬಟರು ಬಾಯಿಗೆ ಮುಚ್ಚಳ ಬೆಸೆದು, ಪೆಟ್ರೋಲು ಸುರಿಯಲು ಮೇಲೊಂದು ಕೊರಳು, ಕೆಳಗೊಂದು ಸಣ್ಣ ನಳಿಗೆ ಇಟ್ಟರು. ಇವರು ಅದನ್ನು ಹಿಂದಿನ ಸೀಟಿನ ಆಚೆ ಎತ್ತರದ ಹಲಗೆಯ ಮೇಲೆ ಕೂಡಿಸಿ, ಕಬ್ಬಿಣದ ಪಟ್ಟಿ ಬಿಗಿದರು. ಅತ್ತೆ ವಿಭೂತಿ ಹಚ್ಚಿದರು. ಅವರನ್ನು ಎತ್ತಿ ಕೂಡಿಸಿ ನಾವೂ ಹತ್ತಿದೆವು. ಇಂಜಿನ್ ಗುಡುಗಿದಾಗ ಹಂಡೆಯ ಮೈಯೆಲ್ಲ ನಡುಗಿತು. ಶಿವನೇ, ದಿನಾ ಹುಣಸೆ ಹಚ್ಚಿ ತಿಕ್ಕಿದ ಹಂಡೆ ನಮ್ಮೆಲ್ಲರನ್ನೂ ಹೊತ್ತು ಓಡಿಸುತ್ತಿದೆ! ಹಿಂದಕ್ಕೆ ಕೈ ಚಾಚಿ ಅದನ್ನು ಮುಟ್ಟಿ ಮುಟ್ಟಿ ನೋಡಿದೆ.

ದಾರಿಯಲ್ಲಿ ದೇವಣಿ ದಾಟಿದ ಮೇಲೆ ಮೋಟಾರು ಕೆಮ್ಮಿ ನಿಂತಿತು. ಸ್ವಲ್ಪ ತಡೆದರೆ ಶುರುವಾಗುವುದು, ನಾಲ್ಕು ಮಾರು ಹೋಗಿ ಮತ್ತೆ ನಿಲ್ಲುವುದು. ಇವರು ನಳಿಗೆ ಬಿಚ್ಚಿ ನೋಡಿದರೆ ಅದರ ಬಾಯಲ್ಲಿ ಜೋಳದ ಕಾಳು!

"ಟಾಕಿಯಾಗ ಜ್ವಾಳ ಹ್ಯಾಂಗ ಬಂತು?"

"ನಾನೇ ಹಾಕೀನಿ, ಒಂದ್ ಹಿಡಿ" ಎಂದರು ಅತ್ತೆ. "ಸೊಸಿ ತವರಿನ ಭಾಂಡಿ ಬರಿದು ಹೊಸ್ತಿಲ ದಾಟಬಾರದಪಾ."

"ಅವ್ವಾ, ಪೆಟ್ರೋಲ್ ತುಂಬೀನಲ್ಲ! ಬರಿದೆಲ್ಲಿತ್ತು?"

"ಪೆಟ್ರೋಲೇನು ಉಣ್ಲಾಕ ಬರ್ತದೇನು?"

ಅಷ್ಟು ಜೋರಾಗಿ ಅಂದವರು ಮರುಕ್ಷಣ ಅಳತೊಡಗಿದರು. "ನನ್ನ ಕೈಯಾರೆ ಅಕ್ಕನ ಮಾರಿ ಕಳ್ಕೊಂಡ್ನಲ್ಲೋ!" ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದೆ. ಪೆಟ್ರೋಲನ್ನು ಡಬ್ಬಿಗೆ ಇಳಿಸಿ, ಹಂಡೆ ಬಿಚ್ಚಿ ಬೋರಲು ಹಿಡಿದು, ಒಳಗೆ ಕಾಳಿನ ಸದ್ದು ಅಡಗುವವರೆಗೂ ಕುಲುಕಿದೆವು. ಇವರ ಧೋತರದಲ್ಲಿ ಪೆಟ್ರೋಲು ಸೋಸಿ ಮತ್ತೆ ತುಂಬಿದೆವು.

ನಿಲಂಗಾ ಮುಟ್ಟಿದಾಗ ಅತ್ತೆಯ ಅಕ್ಕ ಕಣ್ಣು ಬಿಟ್ಟೇ ಇದ್ದರು. ಇಬ್ಬರೂ ಕೈ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು.

"ಅಂಗಳದಾಗ ಗುಡುಗಿದ್ದೇನು?" ಎಂದರು ಅಕ್ಕ.

"ನಮ್ಮ ಮೋಟಾರ."

"ನನಗ ಅದರಾಗ ಕೂಡ್ಸು."

ಮನೆಯವರೆಲ್ಲ ಬೇಡವೆಂದು ಹೌಹಾರಿದರು. "ಸಾಯಾಕಿ ನಾನು. ಅಂಜಿಕಿ ನಿಮಗ್ಯಾಕ?" ಎಂದರು ಅವರು.

ಕೌದಿ ಸುತ್ತಿ ಎತ್ತಿ ತಂದು ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂಡಿಸಿದೆವು. ಇವರು ಮೆಲ್ಲಗೆ ಬೀದಿಗೆ ತಿರುಗಿಸಿದರು. ಹಿಂದಿನಿಂದ ಅಕ್ಕ ಇವರ ಬೆನ್ನಿಗೊಂದು ಗುದ್ದು ಹಾಕಿದರು.

"ಇಷ್ಟೇನು ಇದರ ಜೋರು? ಓಡಸೋ!"

ಇವರು ಓಡಿಸಿದರು. ಬಾಗಿಲಲ್ಲಿ ನಿಂತಿದ್ದ ನಮಗೆ, ಧೂಳಿನಾಚೆಯಿಂದ, ಅಕ್ಕತಂಗಿಯರಿಬ್ಬರೂ ಕಿರುಚಿ ನಗುವುದು ಕೇಳಿಸಿತು.