ಇನ್ನೂರೈವತ್ತಾರು ನಿಮಿಷ

ಕಳೆದ ತಿಂಗಳು ನಮ್ಮ ಪತ್ರಿಕಾ ಕಚೇರಿಯ ಹಳೆಯ ಕಂಪ್ಯೂಟರೊಂದನ್ನು ರಿಪೇರಿಗೆ ಬಿಚ್ಚಿದಾಗ ಬಿಸಿ ಧೂಳಿನ ವಾಸನೆ ಬಂತು. ತೊಂಬತ್ತರ ದಶಕದ ಕೊನೆ, ರಾಮದುರ್ಗದ ಒಂದು ಕಾಲೇಜಿನ ಲ್ಯಾಬ್, ಅಲ್ಲಿ ಕಲಿಸುತ್ತಿದ್ದ ಕಂಪ್ಯೂಟರ್ ಅಕ್ಕೋರು...

ಅಕ್ಕೋರದು ತಾತ್ಕಾಲಿಕ ನೌಕರಿ. ಅದು ಕಾಯಂ ಆಗುವುದು ಬೆಳಗಾವಿಯಿಂದ ಬರುವ ತಪಾಸಣೆ ತಂಡದ ಅಭಿಪ್ರಾಯದ ಮೇಲೆ ನಿಂತಿತ್ತು. ತಂಡಕ್ಕೆ ತೋರಿಸಲು ಅವರು ಒಂದೇ ಫ್ಲಾಪಿಯಲ್ಲಿ ಹಿಡಿಯುವ ಪುಟ್ಟ ಆಪರೇಟಿಂಗ್ ಸಿಸ್ಟಂ ಬರೆದಿದ್ದರು. ಯಂತ್ರ ಶುರುವಾಗಿ ಎಷ್ಟು ಹೊತ್ತಾಯಿತೆಂದು ಅದು ತೆರೆಯ ಮೇಲೆ ತೋರಿಸುತ್ತಿತ್ತು. ಒಟ್ಟು ಸೆಕೆಂಡುಗಳನ್ನು ಅರವತ್ತರಿಂದ ಭಾಗಿಸಿದರೆ ಭಾಗಲಬ್ಧವೇ ನಿಮಿಷ, ಶೇಷವೇ ಸೆಕೆಂಡು. ತಿಂಗಳುಗಟ್ಟಲೆ ಪರೀಕ್ಷಿಸಿದರೂ ಒಮ್ಮೆಯೂ ತಪ್ಪಿರಲಿಲ್ಲ. ಆದರೆ ಆಗ ಊರಿನಲ್ಲಿ ಕರೆಂಟ್ ಒಂದೇ ಸಮನೆ ಮೂರು ತಾಸಿಗಿಂತ ಹೆಚ್ಚು ಇರುತ್ತಿರಲಿಲ್ಲ.

ತಪಾಸಣೆಯ ದಿನ ಸಾಹೇಬರು ಬರುತ್ತಾರೆಂದು ಬೆಳಗಿನಿಂದ ಕರೆಂಟ್ ತೆಗೆಯಲೇ ಇಲ್ಲ. ಅಕ್ಕೋರು ಒಂಬತ್ತಕ್ಕೆ ಯಂತ್ರ ಚಾಲೂ ಮಾಡಿದರು. ತಂಡ ತೊರಗಲ್ ಕೋಟೆ ನೋಡಿಕೊಂಡು ಬರುವಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ವರದಿಗಾರನಾಗಿ ನಾನೂ ಇದ್ದೆ. ಎಲ್ಲರ ಕಣ್ಣೆದುರು, 255 ನಿಮಿಷ 59 ಸೆಕೆಂಡಿಗೆ, ಅಂಕಿಗಳು ಅಲ್ಲಾಡದೆ ನಿಂತವು.

"ಏನ್ರೀ ಅಕ್ಕೋರ, ನಿಮ್ಮ ಗಡಿಯಾರಕ್ಕೂ ಊಟದ ಸೂಟಿ ಐತೇನು?" ಎಂದರು ಹಿರಿಯ ಸಾಹೇಬರು. ಎಲ್ಲರೂ ನಕ್ಕರು. ನಾನೂ ನಕ್ಕೆ...

ಅಕ್ಕೋರು ಹಾಜರಿ ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಲೆಕ್ಕ ಹಾಕುತ್ತ ಕುಳಿತರು. ತಪ್ಪು ಸಿಕ್ಕಾಗ ತಂಡದ ಜೀಪು ಹೊರಟಿತ್ತು.

"ಭಾಗಲಬ್ಧ ಇಡೂ ಜಾಗಾ ಸಣ್ಣದಾತ್ರಿ," ಎಂದರು ನನಗೆ. "ಅದರಾಗ ಇನ್ನೂರೈವತ್ತೈದರ ತನಕ ಅಷ್ಟ ಹಿಡಿಸ್ತೈತಿ. ಮುಂದಿಂದು ಬಂದ ಕೂಡ್ಲೆ ಯಂತ್ರ ನಿಂತ ಬಿಡ್ತೈತಿ. ದೊಡ್ಡ ಜಾಗಾ ಕೊಟ್ರ ಆತು, ಎರಡ ಸಾಲಿನ ಕೆಲಸ. ಇದನ್ನೂ ಬರೀರಿ."

ಹೂಂ ಅಂದೆ. ಮರುದಿನ ನಾಲ್ಕು ಸಾಲಿನ ಸುದ್ದಿ ಬಂತು: ಅಧಿಕಾರಿಗಳ ಎದುರೇ ಕಂಪ್ಯೂಟರ್ ಸ್ಥಗಿತ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕಾರಣವನ್ನು ಬಿಟ್ಟವನು ನಾನೇ. ಓದುಗರಿಗೆ ತಿಳಿಯಲಿಕ್ಕಿಲ್ಲ ಎಂದುಕೊಂಡಿದ್ದೆ. ಆಡಳಿತ ಮಂಡಳಿ ಆ ತುಣುಕನ್ನು ಕಡತಕ್ಕೆ ಹಚ್ಚಿ ಅಕ್ಕೋರನ್ನು ಕೈಬಿಟ್ಟಿತು. ತಿದ್ದಿದ ಫ್ಲಾಪಿಯನ್ನು ನೋಡಲು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇಷ್ಟನ್ನು ಬರೆದು ಮುಗಿಸಿದ ಮೇಲೆ, ಅಚ್ಚಿಗೆ ಕೊಡುವ ಮೊದಲು ಅವರಿಗೆ ತೋರಿಸಬೇಕೆಂದು ವಿಳಾಸ ಹುಡುಕಿಕೊಂಡು ಮುರಗೋಡಕ್ಕೆ ಹೋದೆ. ಬಾಗಿಲು ತೆರೆದವರು ಅವರ ತಂಗಿ. ಬಂದ ಕಾರಣ ಹೇಳಿದೆ. ಅವರು ಹಾಳೆಗಳನ್ನು ಇಸಿದುಕೊಂಡು, ನಿಂತಲ್ಲೇ ಕೊನೆಯವರೆಗೂ ಓದಿದರು.

"ಖರೇ ಬರದೀರಿ," ಎಂದರು. "ಆದ್ರ ಅಕ್ಕ ತೀರಿ ಹೋಗಿ ಎರಡ ವರ್ಷ ಆತ್ರಿ."